ಸಲೀಂ ಅಲಿ: ಹಕ್ಕಿಗಳ ಬೆನ್ನು ಹತ್ತಿದ ಬದುಕು

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಏಳನೆಯ ತರಗತಿಯ ಮಕ್ಕಳಿಗೆ ಸಲೀಂ ಅಲಿಯವರನ್ನು ಪರಿಚಯಿಸುತ್ತಿದ್ದರು. ನಾನು ವೀಕ್ಷಣಾ ಪುಸ್ತಕ ಹಿಡಿದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಚಾರ್ಟು ಅಚ್ಚುಕಟ್ಟಾಗಿತ್ತು. ಹುಟ್ಟಿದ ದಿನ, ಬರೆದ ಪುಸ್ತಕಗಳು, ಪಡೆದ ಪ್ರಶಸ್ತಿಗಳು, ಕುತ್ತಿಗೆಗೆ ದುರ್ಬೀನು ಹಾಕಿಕೊಂಡ ಬಿಳಿಗಡ್ಡದ ಮುದುಕರ ಚಿತ್ರ, ಎಲ್ಲವೂ ಇದ್ದವು. ಏರ್‌ಗನ್ನಿನಿಂದ ಗುಬ್ಬಿ ಹೊಡೆದ ಕಥೆಯನ್ನೂ ಅವರು ಸ್ವಾರಸ್ಯವಾಗಿಯೇ ಹೇಳಿದರು. ಮೌಲ್ಯಮಾಪನದ ಹಂತದಲ್ಲಿ ಕಿಟಕಿಯ ಪಕ್ಕದ ಹುಡುಗನೊಬ್ಬ ಎದ್ದು ನಿಂತು, ಹಕ್ಕಿಗಳ ಮೇಲೆ ಅಷ್ಟು ಪ್ರೀತಿ ಇದ್ದವರು ಹಕ್ಕಿಗಳನ್ನು ಕೊಂದದ್ದು ಯಾಕೆ ಎಂದು ಕೇಳಿದ. ಪ್ರಶಿಕ್ಷಣಾರ್ಥಿ ಒಂದು ಗಳಿಗೆ ತಡೆದರು. ಅದು ಚಿಕ್ಕಂದಿನ ತಪ್ಪು, ದೊಡ್ಡವರಾದ ಮೇಲೆ ಬಂದೂಕು ಬಿಟ್ಟುಬಿಟ್ಟರು ಎಂದು ಹೇಳಿ ಹುಡುಗನನ್ನು ಕೂರಿಸಿದರು. ಗಂಟೆ ಬಾರಿಸಿತು.

ಆ ಉತ್ತರ ನಿಜವಲ್ಲ. ಷರಾದಲ್ಲಿ ಹಾಗೆಂದು ಬರೆದೆ. ಸಂಜೆ ಚರ್ಚೆಗೆ ಕೂತಾಗ ಅವರು ನನ್ನನ್ನು ಮರುಪ್ರಶ್ನಿಸಿದರು: ಹಾಗಾದರೆ ನಾನು ಏನು ಹೇಳಬೇಕಿತ್ತು, ಮೇಡಂ? ಆಗ ನನಗೂ ತಕ್ಷಣ ಹೊಳೆಯಲಿಲ್ಲ. ಒಂದು ವಾಕ್ಯದಲ್ಲಿ ಹೇಳುವ ಸಂಗತಿ ಅದಲ್ಲ. ಇಡೀ ಬದುಕನ್ನೇ ಹೇಳಬೇಕಾಗುತ್ತದೆ. ತಡವಾದರೂ ಇಲ್ಲಿ ಹೇಳುವ ಪ್ರಯತ್ನ ಮಾಡಿದ್ದೇನೆ.

ಸಲೀಂ ಮೊಯಿಜುದ್ದೀನ್ ಅಬ್ದುಲ್ ಅಲಿ 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಹುಟ್ಟಿದರು. ದೊಡ್ಡ ಸುಲೇಮಾನಿ ಬೋಹ್ರಾ ಕುಟುಂಬದ ಕೊನೆಯ ಮಗು. ವರ್ಷ ತುಂಬುವಷ್ಟರಲ್ಲಿ ತಂದೆ ತೀರಿಕೊಂಡರು, ಮೂರು ವರ್ಷವಾಗುವಷ್ಟರಲ್ಲಿ ತಾಯಿಯೂ ಇಲ್ಲವಾದರು. ಖೇತವಾಡಿಯಲ್ಲಿದ್ದ ಸೋದರಮಾವ ಅಮಿರುದ್ದೀನ್ ತ್ಯಾಬ್ಜಿ ಮತ್ತು ಅತ್ತೆ ಹಮೀದಾ ಬೇಗಂ, ತಮಗೆ ಮಕ್ಕಳಿಲ್ಲದವರು, ಆ ಅನಾಥ ಮಕ್ಕಳನ್ನೆಲ್ಲ ತಂದು ಸಾಕಿದರು. ಅಮಿರುದ್ದೀನ್ ಮಾವ ಬೇಟೆಯ ಪ್ರಿಯರು. ಆ ಕಾಲದ ಉಳ್ಳವರ ಮನೆಗಳಲ್ಲಿ ಬೇಟೆಯೆಂದರೆ ಇಂದು ನಮ್ಮ ಮನೆಗಳಲ್ಲಿ ಕ್ರಿಕೆಟ್ ಇದ್ದ ಹಾಗೆ. ಅದರಲ್ಲಿ ತಪ್ಪು ಹುಡುಕುವವರು ಯಾರೂ ಇರಲಿಲ್ಲ. ಹುಡುಗನ ಕೈಗೂ ಒಂದು ಏರ್‌ಗನ್ ಬಂತು.

ಈ ಹುಡುಗ ಮಾಡಿದ ಒಂದು ಕೆಲಸವನ್ನು ಚಾರ್ಟುಗಳಲ್ಲಿ ಸಾಮಾನ್ಯವಾಗಿ ಬರೆಯುವುದಿಲ್ಲ. ಮನೆಯ ಕುದುರೆ ಲಾಯದ ಗೋಡೆಯ ತೂತೊಂದರಲ್ಲಿ ಗುಬ್ಬಿಯ ಗೂಡಿತ್ತು. ಹೆಣ್ಣು ಒಳಗೆ ಮೊಟ್ಟೆಗಳ ಮೇಲೆ ಕುಳಿತಿತ್ತು, ಗಂಡು ಹೊರಗೆ ಮೊಳೆಯ ಮೇಲೆ ಕಾವಲಿತ್ತು. ಹುಡುಗ ಗಾಡಿಯ ಹಿಂದೆ ಅಡಗಿ ಕುಳಿತು ಗಂಡನ್ನು ಹೊಡೆದ. ಸ್ವಲ್ಪ ಹೊತ್ತಿನಲ್ಲೇ ಇನ್ನೊಂದು ಗಂಡು ಬಂದು ಅದೇ ಮೊಳೆಯ ಮೇಲೆ ಕೂತಿತು. ಅದನ್ನೂ ಹೊಡೆದ. ಮತ್ತೊಂದು ಬಂತು. ಹೀಗೆ ಏಳು ದಿನಗಳಲ್ಲಿ ಎಂಟು ಗಂಡುಗುಬ್ಬಿಗಳು ಸತ್ತವು. ಇದೆಲ್ಲವನ್ನೂ ಅವನು ಟಿಪ್ಪಣಿ ಮಾಡಿಟ್ಟ. ಬರೆದದ್ದು ತನ್ನ ಗುರಿಯ ಹೆಚ್ಚುಗಾರಿಕೆ ತೋರಿಸಿಕೊಳ್ಳಲು. ಆದರೆ ಎಷ್ಟೋ ವರ್ಷಗಳ ನಂತರ ಆ ಹಳೆಯ ಹಾಳೆಯನ್ನು ನೋಡಿದಾಗ ಅದರಲ್ಲಿ ಗುಬ್ಬಿಗಳ ದಾಂಪತ್ಯದ ಬಗ್ಗೆ ಬೆಲೆಯುಳ್ಳ ಒಂದು ಅವಲೋಕನ ಇರುವುದು ಅವರಿಗೇ ಕಂಡಿತು. ಕ್ರೌರ್ಯ ಮತ್ತು ಗಮನ ಎರಡೂ ಒಂದೇ ಹಾಳೆಯಲ್ಲಿವೆ. ನಮ್ಮ ತರಗತಿಗಳಲ್ಲೂ ಕಪ್ಪೆಗೆ ಕಲ್ಲೆಸೆಯುವ ಹುಡುಗನೇ ಕಪ್ಪೆ ಎಲ್ಲಿ ಮೊಟ್ಟೆಯಿಡುತ್ತದೆ ಎಂಬುದನ್ನು ಬಲ್ಲವನಾಗಿರುವುದನ್ನು ನಾನು ನೋಡಿದ್ದೇನೆ. ಅವನನ್ನು ಹೊರಗೆ ನಿಲ್ಲಿಸುವುದು ಸುಲಭ.

ಸಲೀಂನನ್ನು ಯಾರೂ ಹೊರಗೆ ನಿಲ್ಲಿಸಲಿಲ್ಲ. ಸುಮಾರು ಹತ್ತು ವರ್ಷದವನಿದ್ದಾಗ ಅವನು ಹೊಡೆದುರುಳಿಸಿದ ಗುಬ್ಬಿಯೊಂದರ ಕತ್ತಿನಲ್ಲಿ ಹಳದಿ ಕಲೆಯಿತ್ತು. ಎಂದಿನ ಗುಬ್ಬಿಯಲ್ಲ. ಮಾವನಿಗೆ ತೋರಿಸಿದ. ಮಾವನಿಗೂ ಗೊತ್ತಾಗಲಿಲ್ಲ. ಇಲ್ಲಿ ಅಮಿರುದ್ದೀನ್ ಮಾವ ಮಾಡಿದ ಕೆಲಸವನ್ನು ಶಿಕ್ಷಕರಾಗುವವರು ಗಮನಿಸಬೇಕು: ತಿಳಿಯದ್ದಕ್ಕೆ ಏನೋ ಒಂದು ಹೇಳಿ ಸಾಗಹಾಕದೆ, ತಾನು ಸದಸ್ಯನಾಗಿದ್ದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಡಬ್ಲ್ಯು. ಎಸ್. ಮಿಲಾರ್ಡ್ ಅವರಿಗೆ ಒಂದು ಪತ್ರ ಬರೆದು, ಹುಡುಗನನ್ನೇ ಹಕ್ಕಿಯ ಜೊತೆ ಕಳಿಸಿದರು. 1883ರಲ್ಲಿ ಸ್ಥಾಪನೆಯಾಗಿದ್ದ ಆ ಸಂಸ್ಥೆಯಲ್ಲಿ ಆಗ ಬಹುಪಾಲು ಇಂಗ್ಲಿಷರೇ. ಕಾಗದದ ಪೊಟ್ಟಣದಲ್ಲಿ ಸತ್ತ ಗುಬ್ಬಿ ಹಿಡಿದು ಅಂಜುತ್ತ ಬಂದ ಭಾರತೀಯ ಹುಡುಗನನ್ನು ಮಿಲಾರ್ಡ್ ಬಾಗಿಲಿನಿಂದಲೇ ಕಳಿಸಬಹುದಿತ್ತು. ಹಾಗೆ ಮಾಡಲಿಲ್ಲ. ಅದು ಹಳದಿ ಕತ್ತಿನ ಗುಬ್ಬಿ ಎಂದು ಗುರುತಿಸಿ ಹೇಳಿದರು. ಅಷ್ಟಕ್ಕೇ ನಿಲ್ಲಿಸದೆ ಬೀರುಗಳ ಸೆಳೆಖಾನೆಗಳನ್ನು ಒಂದೊಂದಾಗಿ ಎಳೆದು, ಸಾಲಾಗಿ ಮಲಗಿಸಿಟ್ಟಿದ್ದ ನೂರಾರು ಹಕ್ಕಿಗಳ ಚರ್ಮದ ಮಾದರಿಗಳನ್ನು ತೋರಿಸಿದರು. ಓದಲು ಪುಸ್ತಕ ಕೊಟ್ಟರು. ಸತ್ತ ಹಕ್ಕಿಯ ಚರ್ಮ ಸುಲಿದು, ಹತ್ತಿ ತುಂಬಿ, ಕೆಡದಂತೆ ಇಡುವುದನ್ನೂ, ಸಿಕ್ಕ ಜಾಗ ಮತ್ತು ದಿನಾಂಕದ ಚೀಟಿ ಕಟ್ಟುವುದನ್ನೂ ಅಲ್ಲಿಯೇ ಅವನು ಕಲಿತ. ಒಂದು ಮಧ್ಯಾಹ್ನದ ಕೆಲವು ಗಂಟೆಗಳು. ಮುಂದಿನ ಎಪ್ಪತ್ತೆಂಟು ಎಂಬತ್ತು ವರ್ಷಗಳು ಅದರಿಂದ ಹೊರಟವು.

ಶಾಲೆಯಲ್ಲಿ ಮಾತ್ರ ಅವನ ಬಗ್ಗೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಸೇಂಟ್ ಝೇವಿಯರ್ಸ್‌ನಲ್ಲಿ ಓದುತ್ತಿದ್ದಾಗ ವಿಪರೀತ ತಲೆನೋವು ಕಾಡಿ ಮತ್ತೆ ಮತ್ತೆ ಓದು ನಿಂತಿತು. ಒಣಹವೆ ಒಗ್ಗಬಹುದೆಂದು ಸಿಂಧ್ ಪ್ರಾಂತದ ನೆಂಟರ ಮನೆಗೆ ಕಳಿಸಿದರು. 1913ರಲ್ಲಿ ಹೇಗೋ ಮೆಟ್ರಿಕ್ ಪಾಸಾಯಿತು. ಕಾಲೇಜು ಅರ್ಧಕ್ಕೆ ಬಿಟ್ಟು, ಮನೆಯವರ ಗಣಿ ಮತ್ತು ಮರದ ವ್ಯಾಪಾರ ನೋಡಿಕೊಳ್ಳಲು ಬರ್ಮಾದ ತವಾಯಿಗೆ ಹೋದರು. ವ್ಯಾಪಾರ ಕೈಹಿಡಿಯಲಿಲ್ಲ, ಸುತ್ತಲಿನ ಕಾಡು ಕೈಹಿಡಿಯಿತು. 1917ರಲ್ಲಿ ಮುಂಬಯಿಗೆ ಮರಳಿ ವಾಣಿಜ್ಯ ಕಾನೂನು, ಲೆಕ್ಕಪತ್ರ ಕಲಿಯಲು ದಾವರ್ ಕಾಲೇಜಿಗೆ ಸೇರಿದರು. ಈ ಹುಡುಗನ ಮನಸ್ಸು ಎಲ್ಲಿದೆ ಎಂದು ಗುರುತಿಸಿದವರು ಸೇಂಟ್ ಝೇವಿಯರ್ಸ್ ಕಾಲೇಜಿನ ಪಾದ್ರಿ, ಸಸ್ಯವಿಜ್ಞಾನಿ ಫಾದರ್ ಎಥೆಲ್ಬರ್ಟ್ ಬ್ಲಾಟರ್. ಅವರ ಒತ್ತಾಯದಿಂದ ದಾವರ್ ಕಾಲೇಜಿನ ಜೊತೆಗೇ ಪ್ರಾಣಿಶಾಸ್ತ್ರದ ತರಗತಿಗಳಿಗೂ ಹೋದರು. ಪದವಿ ಮಾತ್ರ ಬರಲಿಲ್ಲ. 1918ರ ಡಿಸೆಂಬರ್‌ನಲ್ಲಿ ತೆಹಮಿನಾ ಅವರೊಡನೆ ಮದುವೆಯಾಯಿತು.

ಪದವಿಯಿಲ್ಲದ್ದು ಮುಂದೆ ಅಡ್ಡ ಬಂತು. ಭಾರತೀಯ ಪ್ರಾಣಿ ಸರ್ವೇಕ್ಷಣ ಇಲಾಖೆಯಲ್ಲಿ ಪಕ್ಷಿತಜ್ಞರ ಹುದ್ದೆ ಅದೇ ಕಾರಣಕ್ಕೆ ಸಿಗಲಿಲ್ಲ. 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ ಹೊಸದಾಗಿ ತೆರೆದ ಪ್ರಕೃತಿ ವಿಭಾಗಕ್ಕೆ ಮಾರ್ಗದರ್ಶಿ ಉಪನ್ಯಾಸಕರಾಗಿ ನೇಮಕವಾದರು. ಸಂಬಳ ತಿಂಗಳಿಗೆ 350 ರೂಪಾಯಿ. ಬಂದ ಶಾಲಾ ಮಕ್ಕಳಿಗೆ, ನೋಡುಗರಿಗೆ ಗಾಜಿನ ಪೆಟ್ಟಿಗೆಯೊಳಗಿನ ಪ್ರಾಣಿಪಕ್ಷಿಗಳ ಬಗ್ಗೆ ವಿವರಿಸುವುದು ಕೆಲಸ. ನಮ್ಮ ವೃತ್ತಿಗೆ ಅವರು ತೀರ ಹತ್ತಿರ ಬಂದದ್ದು ಆ ಎರಡು ವರ್ಷ ಮಾತ್ರ. ಅದೇ ಮಾತನ್ನು ದಿನಾ ಒಪ್ಪಿಸುವುದು ಅವರಿಗೆ ಬೇಸರವಾಯಿತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ತನಗೆ ಗೊತ್ತಿರುವುದು ಸಾಲದು ಎಂಬ ಅರಿವೂ ಜೊತೆಗಿತ್ತು. 1928ರಲ್ಲಿ ರಜೆ ಹಾಕಿ ಜರ್ಮನಿಗೆ ಹೊರಟರು.

ಬರ್ಲಿನ್ ಪ್ರಾಣಿಶಾಸ್ತ್ರ ಸಂಗ್ರಹಾಲಯದಲ್ಲಿ ಎರ್ವಿನ್ ಸ್ಟ್ರೆಸೆಮಾನ್ ಅವರ ಕೈಕೆಳಗೆ ಕಲಿತ ಆ ಕಾಲ ಅವರನ್ನು ಬದಲಿಸಿತು. ಅದುವರೆಗೆ ಪಕ್ಷಿಶಾಸ್ತ್ರವೆಂದರೆ ಹೆಚ್ಚಾಗಿ ಚರ್ಮ ಸಂಗ್ರಹಿಸಿ, ಅಳೆದು, ಹೆಸರಿಡುವ ವಿದ್ಯೆ. ಜೀವಂತ ಹಕ್ಕಿ ಏನು ಮಾಡುತ್ತದೆ, ಯಾಕೆ ಮಾಡುತ್ತದೆ ಎಂದು ಕೇಳುವುದನ್ನು ಅವರು ಅಲ್ಲಿ ಕಲಿತರು. ಹೆಲಿಗೋಲ್ಯಾಂಡ್ ದ್ವೀಪದಲ್ಲಿ ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವುದನ್ನೂ ನೋಡಿದರು. 1930ರಲ್ಲಿ ಊರಿಗೆ ಬಂದರೆ ಸಂಗ್ರಹಾಲಯದ ಹುದ್ದೆಯೇ ಇರಲಿಲ್ಲ, ಹಣವಿಲ್ಲವೆಂದು ರದ್ದಾಗಿತ್ತು. ವಯಸ್ಸು 33, ಕೈಯಲ್ಲಿ ಪದವಿಯಿಲ್ಲ, ಕೆಲಸವಿಲ್ಲ.

ಗಂಡ ಹೆಂಡತಿ ಮುಂಬಯಿಯ ಆಚೆ ದಡದ ಕಿಹಿಮ್ ಎಂಬ ಕಡಲ ಹಳ್ಳಿಗೆ ಹೋಗಿ ನೆಲೆಸಿದರು. ಮನೆಯ ಹತ್ತಿರದಲ್ಲೇ ಗೀಜಗಗಳ ಕಾಲೊನಿ. ಮಳೆಗಾಲ ಶುರುವಾಗಿತ್ತು. ಮಾಡಲು ಬೇರೆ ಕೆಲಸವಿಲ್ಲದ ಸಲೀಂ ಅಲಿ ಮರೆಯಲ್ಲಿ ಕುಳಿತು ದಿನಗಟ್ಟಲೆ ಅವುಗಳನ್ನು ನೋಡಿದರು.

ಗೀಜಗದ ಗೂಡನ್ನು ನಾವೆಲ್ಲ ನೋಡಿದ್ದೇವೆ. ಬಯಲುಸೀಮೆಯಲ್ಲಿ ಬಾವಿಯ ಮೇಲೆ ಬಾಗಿದ ಈಚಲ ಮರದಲ್ಲೋ, ಹಳ್ಳದ ದಂಡೆಯ ಜಾಲಿಯಲ್ಲೋ ಸೀಸೆಯನ್ನು ತಲೆಕೆಳಗು ಮಾಡಿದಂತೆ ತೂಗಾಡುತ್ತಿರುತ್ತವೆ. ಗಂಡು ಹೆಣ್ಣು ಸೇರಿ ಸಂಸಾರಕ್ಕೆಂದು ಕಟ್ಟಿಕೊಂಡ ಮನೆ ಎಂದೇ ಜನ ನಂಬಿದ್ದರು. ನಮ್ಮ ಎಷ್ಟೋ ಪಾಠ ಯೋಜನೆಗಳಲ್ಲಿ ಇಂದಿಗೂ ಹಾಗೆಯೇ ಇದೆ. ಕಿಹಿಮ್‌ನಲ್ಲಿ ಕಂಡದ್ದು ಬೇರೆ. ಹೆಣೆಯುವುದು ಗಂಡು. ಹುಲ್ಲಿನ, ಗರಿಯ ಎಳೆಗಳನ್ನು ಸೀಳಿ ತಂದು ಗೂಡನ್ನು ಅರ್ಧಕ್ಕೆ, ಅಂದರೆ ಶಿರಸ್ತ್ರಾಣದ ಆಕಾರಕ್ಕೆ ತರುತ್ತದೆ. ಆಗ ಹೆಣ್ಣುಗಳು ಬಂದು ಗೂಡಿನಿಂದ ಗೂಡಿಗೆ ಹಾರಿ ಪರೀಕ್ಷೆ ಮಾಡುತ್ತವೆ. ಒಪ್ಪಿಗೆಯಾದ ಗೂಡಿನಲ್ಲಿ ಹೆಣ್ಣು ನೆಲೆಸಿದ ಮೇಲೆ ಗಂಡು ಉಳಿದ ಕೆಲಸ ಮುಗಿಸಿ, ಉದ್ದ ಕೊಳವೆ ಹೆಣೆದು, ಪಕ್ಕದಲ್ಲೇ ಎರಡನೆಯ ಗೂಡಿಗೆ ತೊಡಗುತ್ತದೆ. ಅದಕ್ಕೆ ಇನ್ನೊಂದು ಹೆಣ್ಣು. ಆಮೇಲೆ ಮೂರನೆಯದು. ಕಾವು ಕೊಟ್ಟು ಮರಿ ಸಾಕುವ ಹೊಣೆ ಬಹುತೇಕ ಹೆಣ್ಣಿನದೇ. ಯಾರೂ ಒಪ್ಪದ ಅರೆಗೂಡುಗಳು ಹಾಗೆಯೇ ಉಳಿಯುತ್ತವೆ. ಒಂದೇ ಋತುವಿನಲ್ಲಿ ಒಂದರ ನಂತರ ಒಂದರಂತೆ ಹಲವು ಹೆಣ್ಣುಗಳೊಡನೆ ಕೂಡುವ ಈ ಕ್ರಮವನ್ನು ಅವರು ಸೊಸೈಟಿಯ ಪತ್ರಿಕೆಯಲ್ಲಿ 1931ರಲ್ಲಿ ಪ್ರಕಟಿಸಿದರು. ಇದಕ್ಕೆ ಒಂದು ಹಕ್ಕಿಯನ್ನೂ ಹೊಡೆಯಬೇಕಾಗಿ ಬರಲಿಲ್ಲ. ಬೇಕಾಗಿದ್ದದ್ದು ಒಂದು ಮಳೆಗಾಲ, ಒಂದು ನೋಟ್‌ಬುಕ್ಕು ಮತ್ತು ಕೆಲಸವಿಲ್ಲದ ಒಬ್ಬ ಮನುಷ್ಯ.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಕಿಹಿಮ್ ನಂತರದ ವರ್ಷಗಳಲ್ಲಿ ಸಲೀಂ ಅಲಿಯವರು ದೇಶೀ ಸಂಸ್ಥಾನಗಳ ಪಕ್ಷಿ ಸಮೀಕ್ಷೆಗೆ ಇಳಿದರು. ಕ್ಷೇತ್ರಕಾರ್ಯದ ಖರ್ಚನ್ನು ಸಂಸ್ಥಾನ ಕೊಟ್ಟರೆ ಸಾಕು, ತನಗೆ ಸಂಬಳ ಬೇಡ ಎಂಬುದು ಅವರ ಷರತ್ತು. ಹೈದರಾಬಾದು, ತಿರುವಾಂಕೂರು, ಕೊಚ್ಚಿ, ಗ್ವಾಲಿಯರ್, ಇಂದೂರು, ಭೋಪಾಲ್ ಹೀಗೆ ಊರೂರು ಅಲೆದರು. ತೆಹಮಿನಾ ಗುಡಾರ ಬದುಕಿಗೆ ಹೊಂದಿಕೊಂಡು ಜೊತೆಗಿದ್ದರು. ಈ ಸಮೀಕ್ಷೆಗಳಲ್ಲಿ ಅವರು ಹಕ್ಕಿಗಳನ್ನು ಹೊಡೆದರು, ಚರ್ಮ ಸುಲಿದರು, ಚೀಟಿ ಕಟ್ಟಿ ಸಂಗ್ರಹಾಲಯಕ್ಕೆ ಕಳಿಸಿದರು. ಹೊರನೋಟಕ್ಕೆ ಒಂದೇ ಥರ ಕಾಣುವ ಎರಡು ಹಕ್ಕಿಗಳ ವ್ಯತ್ಯಾಸವನ್ನು ರೆಕ್ಕೆಯ ಅಳತೆಯಿಂದಲೋ, ಗರಿಯ ಬಣ್ಣದ ಛಾಯೆಯಿಂದಲೋ ನಿರ್ಧರಿಸಲು ಮಾದರಿ ಕೈಯಲ್ಲಿರಬೇಕಿತ್ತು. ಇಂದಿನ ಕ್ಯಾಮೆರಾ ಅಂದಿಲ್ಲ. ಮೋಜಿಗಾಗಿ, ಲೆಕ್ಕ ತೋರಿಸುವುದಕ್ಕಾಗಿ ಕೊಲ್ಲುವುದನ್ನು ಅವರು ವಿರೋಧಿಸಿದರು. ಅಗತ್ಯವಿದ್ದಷ್ಟು ಮಾದರಿಗಳನ್ನು ಸಂಗ್ರಹಿಸುವುದನ್ನು ಕೊನೆಯವರೆಗೂ ಸಮರ್ಥಿಸಿದರು. ಅವರಿಗೆ ಒಂದೊಂದು ಹಕ್ಕಿಗಿಂತ ಆ ಜಾತಿ ಉಳಿಯುವುದು ಮುಖ್ಯವಾಗಿತ್ತು. ಇದನ್ನು ನಾವು ಒಪ್ಪಲೇಬೇಕೆಂದಿಲ್ಲ. ನನಗೂ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಆದರೆ ಬಂದೂಕು ಬಿಟ್ಟರು ಎಂದು ಮಕ್ಕಳಿಗೆ ಹೇಳುವುದಕ್ಕಿಂತ, ಅವರು ಹೀಗೆ ಯೋಚಿಸಿದರು, ನೀವು ಏನನ್ನುತ್ತೀರಿ ಎಂದು ಕೇಳಿದ್ದರೆ ಆ ದಿನದ ಪಾಠ ಗಂಟೆಯ ನಂತರವೂ ಮುಂದುವರಿಯುತ್ತಿತ್ತು.

ಮೋಜಿನ ಕೊಲೆ ಎಂದರೆ ಏನೆಂದು ತಿಳಿಯಲು ಒಂದು ಉದಾಹರಣೆ. ರಾಜಸ್ಥಾನದ ಭರತ್‌ಪುರದ ಜೌಗು ಕೆರೆಗಳಿಗೆ ಚಳಿಗಾಲದಲ್ಲಿ ಉತ್ತರದಿಂದ ಬಾತುಗಳು ಹಿಂಡುಹಿಂಡಾಗಿ ಬರುತ್ತವೆ. ಅಲ್ಲಿನ ಮಹಾರಾಜರು ವೈಸರಾಯರಿಗಾಗಿ ಬೇಟೆಯ ಔತಣ ಏರ್ಪಡಿಸುತ್ತಿದ್ದರು. 1938ರ ನವೆಂಬರ್ 12ರಂದು ಲಾರ್ಡ್ ಲಿನ್‌ಲಿತ್‌ಗೋ ಅವರ ತಂಡ ಒಂದೇ ದಿನದಲ್ಲಿ 4,273 ಹಕ್ಕಿಗಳನ್ನು ಹೊಡೆದುರುಳಿಸಿತು. ಅಂದು ಸಲೀಂ ಅಲಿಯವರಿಗೆ 42 ತುಂಬಿದ ದಿನ. ಸ್ವಾತಂತ್ರ್ಯ ಬಂದ ಮೇಲೆ ಆ ಕೆರೆಗಳ ನೀರು ಬಸಿದು ಉಳುಮೆ ಮಾಡಬೇಕೆಂಬ ಒತ್ತಾಯ ಎದ್ದಾಗ, ನೆಹರೂ ಅವರವರೆಗೂ ಹೋಗಿ ಅದನ್ನು ತಡೆದವರಲ್ಲಿ ಸಲೀಂ ಅಲಿ ಮುಖ್ಯರು. ಭರತ್‌ಪುರದ ಕಥೆ ಅಲ್ಲಿಗೆ ಮುಗಿಯುವುದಿಲ್ಲ, ಮತ್ತೆ ಬರುತ್ತೇನೆ.

1939ರಲ್ಲಿ ತೆಹಮಿನಾ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ಮಕ್ಕಳಿರಲಿಲ್ಲ. ತಂಗುವುದಕ್ಕೆ ಅಕ್ಕ ಕಾಮೂ ಮತ್ತು ಭಾವನ ಮನೆ ಇತ್ತು; ಬದುಕುವುದಕ್ಕೆ ಕೆಲಸ ಬೇಕಿತ್ತು. ಆ ಚಳಿಗಾಲ ಅವರು ಬಂದದ್ದು ನಮ್ಮ ಮೈಸೂರು ಸಂಸ್ಥಾನಕ್ಕೆ, ಪಕ್ಷಿ ಸಮೀಕ್ಷೆಗಾಗಿ. 1939-40ರ ಆ ತಿರುಗಾಟದ ಫಲ ಮೈಸೂರಿನ ಹಕ್ಕಿಗಳ ಕುರಿತ ಲೇಖನಮಾಲೆಯಾಗಿ ಸೊಸೈಟಿಯ ಪತ್ರಿಕೆಯಲ್ಲಿ ಬಂತು.

ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳು ಅವರ ಕಣ್ಣಿಗೆ ಬಿದ್ದದ್ದು ಆಗಲೇ. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ನದಿಗೆ ಕಟ್ಟಿಸಿದ ಒಡ್ಡಿನಿಂದಾಗಿ ಆ ತಿಟ್ಟುಗಳು ಉಂಟಾಗಿದ್ದವು. ರೈತರ ಗದ್ದೆಗೆ ನೀರು ತಿರುಗಿಸಲು ಕಟ್ಟಿದ್ದು. ಹಕ್ಕಿಗಳಿಗೆ ಸುತ್ತ ನೀರಿನ ಕೋಟೆ ಸಿಕ್ಕಿತು. ಅಲ್ಲಿನ ಮರಗಳಲ್ಲಿ ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆ, ಚಮಚದ ಕೊಕ್ಕಿನ ಹಕ್ಕಿ ಸಾವಿರಗಟ್ಟಲೆ ಗೂಡು ಕಟ್ಟುತ್ತಿದ್ದವು. ಇದನ್ನು ಕಾಯ್ದಿಡಬೇಕೆಂದು ಸಲೀಂ ಅಲಿ ಮೈಸೂರು ಅರಸರಿಗೆ ತಿಳಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವೆಂದು ಘೋಷಣೆಯಾಯಿತು. ಹೆಂಡತಿ ಸತ್ತ ದುಃಖದಲ್ಲಿದ್ದ ಮನುಷ್ಯ ದೋಣಿಯಲ್ಲಿ ಕುಳಿತು ಗೂಡುಗಳನ್ನು ಎಣಿಸುತ್ತಿದ್ದುದನ್ನು, ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ದಾಗಲೆಲ್ಲ ನಾನು ನೆನೆಯುತ್ತೇನೆ. ಅಂದ ಹಾಗೆ, ಪ್ರವಾಸವನ್ನು ಚಳಿಗಾಲದ ಕೊನೆಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಕನ್ನಂಬಾಡಿಯಿಂದ ನೀರು ಬಿಟ್ಟರೆ ತಿಟ್ಟುಗಳೇ ಮುಳುಗುತ್ತವೆ, ದೋಣಿಯನ್ನೂ ನಿಲ್ಲಿಸುತ್ತಾರೆ.

1941ರಲ್ಲಿ ಅವರ ಭಾರತೀಯ ಪಕ್ಷಿಗಳ ಪುಸ್ತಕ ಪ್ರಕಟವಾಯಿತು. ಬಣ್ಣದ ಚಿತ್ರ, ಗಾತ್ರವನ್ನು ಗುಬ್ಬಿಗೋ ಮೈನಾಕ್ಕೋ ಕಾಗೆಗೋ ಹೋಲಿಸಿ ಹೇಳುವ ಕ್ರಮ, ಗೂಡಿನ ಕಾಲ, ಸರಳ ಭಾಷೆ. ಅಳತೆಪಟ್ಟಿ ಇಲ್ಲದವನಿಗೂ ಗುಬ್ಬಿಗಿಂತ ದೊಡ್ಡದು, ಮೈನಾಗಿಂತ ಚಿಕ್ಕದು ಎಂದರೆ ತಿಳಿಯುತ್ತದೆ. ತಿಳಿದದ್ದರಿಂದ ತಿಳಿಯದ್ದಕ್ಕೆ ಹೋಗಬೇಕು ಎಂದು ನಾವು ಬೋಧನಾ ಸೂತ್ರಗಳಲ್ಲಿ ಬರೆಸುತ್ತೇವಲ್ಲ, ಅದರ ಇಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಜೈಲಿನಲ್ಲಿದ್ದ ನೆಹರೂ ಈ ಪುಸ್ತಕವನ್ನು, ಇನ್ನೊಂದು ಜೈಲಿನಲ್ಲಿದ್ದ ಮಗಳು ಇಂದಿರಾಗೆ ಕಳಿಸಿದ್ದರು. ಮುಂದೆ ಅಮೆರಿಕದ ಡಿಲನ್ ರಿಪ್ಲೆ ಅವರೊಡನೆ ಸೇರಿ ಬರೆದ ಭಾರತ ಮತ್ತು ಪಾಕಿಸ್ತಾನದ ಪಕ್ಷಿಗಳ ಕೈಪಿಡಿಯ ಹತ್ತು ಸಂಪುಟಗಳು 1968ರಿಂದ 1974ರವರೆಗೆ ಹೊರಬಂದವು. ಮೊದಲ ಸಂಪುಟ ಬಂದಾಗ ಅವರಿಗೆ 71 ದಾಟಿತ್ತು. ನಡುವೆ ಮೋಟಾರ್ ಸೈಕಲ್ ಹುಚ್ಚು ಬೇರೆ. 1950ರಲ್ಲಿ ಸ್ವೀಡನ್ನಿನಲ್ಲಿ ನಡೆದ ಪಕ್ಷಿಶಾಸ್ತ್ರ ಸಮ್ಮೇಳನಕ್ಕೆ ತಮ್ಮ ಸನ್‌ಬೀಮ್ ಬೈಕನ್ನು ಹಡಗಿನಲ್ಲಿ ಸಾಗಿಸಿ, ಯುರೋಪಿನ ರಸ್ತೆಗಳಲ್ಲಿ ಓಡಿಸಿಕೊಂಡೇ ಹೋಗಿದ್ದರು. ಫ್ರಾನ್ಸಿನಲ್ಲಿ ಬಿದ್ದು ಪೆಟ್ಟೂ ಮಾಡಿಕೊಂಡರು. ಆಗ ವಯಸ್ಸು 53.

ಮಲೆನಾಡಿನೊಂದಿಗೆ ಅವರಿಗಿದ್ದ ಇನ್ನೊಂದು ನಂಟು ಅಷ್ಟಾಗಿ ಪಾಠಗಳಲ್ಲಿ ಬರುವುದಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಹಿಂದೆಯೇ ಕಾಡಿಗೆ ಹೋಗಿಬರುವ ಜನರಿಗೂ ವಿಪರೀತ ಜ್ವರ, ಸಾವು. ಮಂಗನ ಕಾಯಿಲೆ ಎಂದು ಜನ ಹೆಸರಿಟ್ಟರು. ಉಣುಗುಗಳಿಂದ ಹರಡುವ ಅದರ ವೈರಸ್ಸು ರಷ್ಯಾದ ಒಂದು ಕಾಯಿಲೆಯ ವೈರಸ್ಸನ್ನು ಹೋಲುತ್ತಿತ್ತು. ಹಾಗಾದರೆ ಸೈಬೀರಿಯಾದಿಂದ ಪ್ರತಿ ಚಳಿಗಾಲ ಬರುವ ಹಕ್ಕಿಗಳ ಮೈಮೇಲಿನ ಉಣುಗುಗಳೇ ಅದನ್ನು ತಂದಿರಬಹುದೇ? ಈ ಅನುಮಾನದ ಬೆನ್ನಿಗೆ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಂದಿಗೆ ಸಲೀಂ ಅಲಿಯವರ ನೇತೃತ್ವದಲ್ಲಿ ಸೊಸೈಟಿ ವಲಸೆ ಹಕ್ಕಿಗಳ ಅಧ್ಯಯನ ಕೈಗೊಂಡಿತು. ಬಲೆಯಲ್ಲಿ ಹಿಡಿದು, ತೂಗಿ, ಅಳೆದು, ಉಣುಗು ಹುಡುಕಿ, ಕಾಲಿಗೆ ಅಂಕಿಯಿರುವ ಉಂಗುರ ತೊಡಿಸಿ ಮತ್ತೆ ಹಾರಿಬಿಡುವುದು. ಉಂಗುರ ಸಿಕ್ಕವರು ಮುಂಬಯಿಯ ಸೊಸೈಟಿಗೆ ತಿಳಿಸಬೇಕೆಂದು ಅದರ ಮೇಲೆಯೇ ಕೊರೆದಿರುತ್ತಿತ್ತು. ಹಕ್ಕಿಗಳೇ ಈ ರೋಗವನ್ನು ದೂರದೇಶದಿಂದ ಹೊತ್ತು ತಂದವು ಎಂಬುದು ಸಾಬೀತಾಗಲಿಲ್ಲ. ಹುಡುಕಿದ್ದು ಸಿಗದಿದ್ದರೂ, ಯಾವ ಹಕ್ಕಿ ಎಲ್ಲಿಂದ ಎಲ್ಲಿಗೆ, ಯಾವ ತಿಂಗಳಲ್ಲಿ ಹೋಗುತ್ತದೆ ಎಂಬ ಮಾಹಿತಿ ರಾಶಿ ಬಿತ್ತು. ಬಾಲ್ಯದಲ್ಲಿ ಗುಬ್ಬಿ ಹೊಡೆದ ಕೈಗಳು ಹಿಡಿದ ಹಕ್ಕಿಯನ್ನು ನೋಯದಂತೆ ಬಿಡುವುದನ್ನು ಈಗ ಒಂದು ತಲೆಮಾರಿನ ಯುವಕರಿಗೆ ಕಲಿಸುತ್ತಿದ್ದವು.

ಇನ್ನು ಭರತ್‌ಪುರ. ಆ ಕೆರೆಗಳಲ್ಲಿ ಸುತ್ತಲಿನ ಹಳ್ಳಿಗಳ ಎಮ್ಮೆಗಳು ತಲೆಮಾರುಗಳಿಂದ ಮೇಯುತ್ತಿದ್ದವು. ದನಗಳಿಂದ ಹಕ್ಕಿಗಳ ನೆಲೆ ಹಾಳಾಗುತ್ತದೆ, ಅವನ್ನು ಹೊರಗಿಡಬೇಕು ಎಂಬುದು ಸಲೀಂ ಅಲಿಯವರ ಅಭಿಪ್ರಾಯವಾಗಿತ್ತು. ಅವರ ಮಾತಿಗೆ ದೆಹಲಿಯಲ್ಲಿ ಬೆಲೆ ಇತ್ತು. 1982ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಗಿ ಮೇವು ನಿಷೇಧವಾಯಿತು. ಹಳ್ಳಿಗರು ತಿರುಗಿಬಿದ್ದರು. ಪೊಲೀಸರ ಗುಂಡಿಗೆ ಕೆಲವರು ಬಲಿಯಾದರು. ಕೆಲವು ವರ್ಷಗಳಲ್ಲಿ ಇನ್ನೊಂದು ವಿಷಯ ಹೊರಬಂತು. ಮೇಯುವ ಎಮ್ಮೆಗಳಿಲ್ಲದೆ ನೀರಿನಲ್ಲಿ ಹುಲ್ಲು ದಟ್ಟವಾಗಿ ಬೆಳೆದು ಕೆರೆಯನ್ನೇ ಮುಚ್ಚತೊಡಗಿತು. ತೆರೆದ ನೀರು ಬೇಕಾದ ಹಕ್ಕಿಗಳು ಕಡಿಮೆಯಾದವು. ಎಮ್ಮೆಗಳು ಹಕ್ಕಿಗಳಿಗೆ ಉಪಕಾರವನ್ನೇ ಮಾಡುತ್ತಿದ್ದವು. ಇದನ್ನು ಅಳೆದು ತೋರಿಸಿದ್ದು ಬೇರೆ ಯಾರೂ ಅಲ್ಲ, ಸಲೀಂ ಅಲಿಯವರೇ ಬೆಳೆಸಿದ ಸೊಸೈಟಿಯ ಹತ್ತು ವರ್ಷಗಳ ದೀರ್ಘ ಅಧ್ಯಯನ. ಅದು ಪೂರ್ಣಗೊಳ್ಳುವ ಹೊತ್ತಿಗೆ ಅವರಿರಲಿಲ್ಲ. ಪಕ್ಷಿಧಾಮ ಎಂದರೆ ಬೇಲಿ ಎಂದು ಅಷ್ಟು ದೊಡ್ಡವರೂ ಭಾವಿಸಿ ಎಡವಿದರು. ಹಳ್ಳಿಯವರಿಗೆ ತಿಳಿದಿದ್ದನ್ನು ಅವರು ಕೇಳಬೇಕಿತ್ತು ಎಂದು ನನಗನಿಸುತ್ತದೆ.

ಕೇಳಿದ್ದರೆ ಏನಾಗಬಹುದಿತ್ತು ಎಂಬುದಕ್ಕೆ ನಮ್ಮಲ್ಲೇ ಉದಾಹರಣೆಯಿದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬೇಲಿಯಿಲ್ಲ. ಮನೆಗಳ ಮಧ್ಯದ ಹುಣಸೆ, ಅತ್ತಿ ಮರಗಳ ಮೇಲೆಯೇ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಚಳಿಗಾಲದಲ್ಲಿ ಬಂದು ಗೂಡು ಕಟ್ಟಿ, ಬೇಸಿಗೆ ಮುಗಿಯುವಾಗ ಮರಿಗಳೊಂದಿಗೆ ಹೊರಡುತ್ತವೆ. ಕೆಳಗೆ ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರ. ವಾಸನೆ ಸಹಿಸಿಕೊಳ್ಳುತ್ತಾರೆ, ಹಕ್ಕಿಗಳನ್ನು ತವರಿಗೆ ಬಂದ ಹೆಣ್ಣುಮಕ್ಕಳಂತೆ ನೋಡುತ್ತಾರೆ. ಪರಿಸರ ಅಧ್ಯಯನದ ಪಾಠದಲ್ಲಿ ರಂಗನತಿಟ್ಟು, ಭರತ್‌ಪುರ, ಕೊಕ್ಕರೆ ಬೆಳ್ಳೂರು ಮೂರನ್ನೂ ಅಕ್ಕಪಕ್ಕ ಇಟ್ಟರೆ ಮಕ್ಕಳೇ ವಾದ ಶುರುಮಾಡುತ್ತಾರೆ. ಪ್ರಶಿಕ್ಷಣಾರ್ಥಿ ಸುಮ್ಮನೆ ಕುಳಿತು ಕೇಳಬಹುದು.

ಸಲೀಂ ಅಲಿಯವರಿಗೆ 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಬಂದವು. ಗೆಟ್ಟಿ ವನ್ಯಜೀವಿ ಪ್ರಶಸ್ತಿಯ ದೊಡ್ಡ ಮೊತ್ತವನ್ನು ಪ್ರಕೃತಿ ಸಂರಕ್ಷಣೆಯ ನಿಧಿಗೆ ಇಟ್ಟರು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ಅದೇ ವರ್ಷ ಬಂದ ಆತ್ಮಕಥೆಗೆ ಆ ಮೊದಲ ಗುಬ್ಬಿಯ ಬೀಳುವಿಕೆಯನ್ನೇ ಹೆಸರಾಗಿಟ್ಟರು. ಅದರಲ್ಲಿ ಲಾಯದ ಎಂಟು ಗುಬ್ಬಿಗಳನ್ನೂ ಅವರು ಮರೆಮಾಚಲಿಲ್ಲ. ನಾವು ಮಾತ್ರ ಮರೆಮಾಚುತ್ತಿದ್ದೇವೆ. 1987ರ ಜೂನ್ 20ರಂದು ಮುಂಬಯಿಯಲ್ಲಿ ಅವರು ನಿಧನರಾದರು. ತೊಂಬತ್ತು ದಾಟಿತ್ತು.

ಬೋಧನೋಪಕರಣಗಳ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ, ಏಕೆಂದರೆ ಪ್ರತಿ ವರ್ಷ ಇದಕ್ಕಾಗಿ ಯಾರಾದರೂ ಬೈಸಿಕೊಳ್ಳುತ್ತಾರೆ. ತರಗತಿಗೆ ತರಲೆಂದು ಗೂಡನ್ನು ಮರದಿಂದ ಕೀಳಬೇಡಿ, ಮೊಟ್ಟೆಯನ್ನಂತೂ ಮುಟ್ಟಲೇಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ ಕೂಡ. ಮಳೆಗಾಲದಲ್ಲಿ ಮಕ್ಕಳನ್ನೇ ಗೂಡಿನ ಬಳಿಗೆ ಕರೆದೊಯ್ದು ದೂರ ನಿಲ್ಲಿಸಿ. ಚಳಿಗಾಲದಲ್ಲಿ ಶಾಲೆಯ ಅಂಗಳಕ್ಕೆ ಬಾಲ ಕುಣಿಸುತ್ತ ಬರುವ ಕುಂಡೆಕುಸ್ಕ ಮೊದಲು ಕಂಡ ದಿನವನ್ನು ಕರಿಹಲಗೆಯ ಮೂಲೆಯಲ್ಲಿ ಬರೆಸಿ. ಮುಂದಿನ ವರ್ಷದವರು ಹೋಲಿಸಿ ನೋಡಲಿ. ಗದಗ ಕಡೆಯ ಶಾಲೆಗಳಿಗೆ ಮಾಗಡಿ ಕೆರೆ ಹತ್ತಿರವಿದೆ, ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಅಲ್ಲಿ ತೋರಿಸಬಹುದು. ಬೇಸಿಗೆಯಲ್ಲಿ ನೆರಳಿನಲ್ಲಿ ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರಿಡಿ. ಇಟ್ಟರೆ ಸಾಲದು, ದಿನಾ ತೊಳೆದು ಬದಲಿಸುವ ಪಾಳಿ ಹಚ್ಚಿ. ರಜೆ ಬಂದಾಗ ಯಾರು ಬದಲಿಸುತ್ತಾರೆ ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ, ಬಹಳ ಕಡೆ ತಪ್ಪುವುದು ಅಲ್ಲಿಯೇ.

ನಮ್ಮ ಆ ಪ್ರಶಿಕ್ಷಣಾರ್ಥಿ ಈ ಸಲ ಅದೇ ಶಾಲೆಗೆ ಮತ್ತೆ ಹೋಗುತ್ತಿದ್ದಾರೆ. ಪಾಠ ಯೋಜನೆಯನ್ನು ನನಗೆ ತೋರಿಸಿದರು. ಚಾರ್ಟು ಇಲ್ಲ. ಶಾಲೆಯ ಹಿಂದಿನ ಬಾವಿಯ ಮೇಲಿನ ಈಚಲ ಮರದಲ್ಲಿ ಗೀಜಗಗಳಿವೆಯಂತೆ; ಎಷ್ಟು ಗೂಡು ಪೂರ್ತಿಯಾಗಿವೆ, ಎಷ್ಟು ಅರ್ಧಕ್ಕೇ ನಿಂತಿವೆ ಎಂದು ಮಕ್ಕಳು ವಾರಕ್ಕೊಮ್ಮೆ ಎಣಿಸಿ ಬರೆಯುತ್ತಾರೆ. ಲೆಕ್ಕ ಇಡುವ ಹೊಣೆಯನ್ನು ಕಿಟಕಿಯ ಪಕ್ಕದ ಹುಡುಗನಿಗೆ ವಹಿಸಿದ್ದಾರೆ.